ಫಿಲ್ಟರ್ ಡಬ್ಬಿಯ ಎಣ್ಣೆ

ಏರ್ ಫಿಲ್ಟರ್ ಡಬ್ಬಿ ಬಿಚ್ಚಿದಾಗ ಒಳಗೆ ಎಣ್ಣೆ ಕಂಡರೆ ಗಿರಾಕಿಗಳ ಮುಖ ಬಾಡುತ್ತದೆ. ‘ಎಂಜಿನ್ ಕೆಲಸಕ್ಕೆ ಬಂತೇನಪ್ಪಾ?’ ಅಂತಾರೆ. ನಾನು ಮೊದಲು ಲಾಸ್ ಏಂಜಲೀಸಿನ ಕಥೆ ಹೇಳುತ್ತೇನೆ.

ಪಿಸ್ಟನ್ ರಿಂಗು ಎಷ್ಟೇ ಹೊಸದಿರಲಿ, ಉರಿದ ಗ್ಯಾಸು ಒಂದಿಷ್ಟು ಸಂದಿಯಿಂದ ಎಣ್ಣೆಯಿರುವ ಕೆಳಭಾಗಕ್ಕೆ ಇಳಿದೇ ಇಳಿಯುತ್ತದೆ. ಹಳೆಯ ಕಾರುಗಳಲ್ಲಿ ಅದನ್ನು ಹೊರಗೆ ಬಿಡಲು ನೆಲದತ್ತ ಇಳಿಬಿಟ್ಟ ಕೊಳವೆ ಇರುತ್ತಿತ್ತು. ಎಣ್ಣೆ ರಸ್ತೆಗೆ, ಹೊಗೆ ಊರಿಗೆ. 1950ರ ದಶಕದಲ್ಲಿ ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ, ಲಾಸ್ ಏಂಜಲೀಸಿನ ಕಣ್ಣುರಿಸುವ ಮಬ್ಬು ವಾಹನಗಳ ಹೊಗೆ, ಆವಿಗಳ ಮೇಲೆ ಬಿಸಿಲು ಬಿದ್ದು ಹುಟ್ಟುತ್ತದೆಂದು ತೋರಿಸಿದರು. 1961ರ ಮಾದರಿಯಿಂದ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ, ಕೊಳವೆಯಿಂದ ಹೊರಹೋಗುತ್ತಿದ್ದ ಆ ಆವಿಯನ್ನು ಮತ್ತೆ ಎಂಜಿನ್ನಿಗೇ ಉಣಿಸುವ ಪಿಸಿವಿ ವಾಲ್ವ್ ಬಂತು. 1963ರ ಹೊತ್ತಿಗೆ ಅಮೆರಿಕದ ಉಳಿದೆಡೆಗೂ. ಬೆರಳುದ್ದದ ಆ ಸಾಮಾನಿನ ಮೇಲೆ ನನಗೆ ತುಂಬ ಗೌರವ. ಊರಿನ ಉಸಿರು ಹಗುರಾಯಿತು, ಎಣ್ಣೆ ಮಾತ್ರ ಗಾಳಿಯ ದಾರಿ ಹಿಡಿಯಿತು.

ಹಾಗಾಗಿ ಮೊದಲು ವಾಲ್ವ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ. ಟಿಕ್ ಟಿಕ್ ಅನ್ನದಿದ್ದರೆ ಜಿಡ್ಡು ಕಟ್ಟಿದೆ, ಆವಿ ಎಣ್ಣೆ ಹೊತ್ತು ಡಬ್ಬಿಯತ್ತ ತಿರುಗಿದೆ. ಆಮೇಲೆ ಡಿಪ್‌ಸ್ಟಿಕ್, ಎಣ್ಣೆ ಹೆಚ್ಚು ಸುರಿದಿರುವುದೂ ಉಂಟು. ಕೊನೆಗೆ ಎಂಜಿನ್ ಓಡುತ್ತಿರುವಾಗಲೇ ಎಣ್ಣೆಯ ಮುಚ್ಚಳ ತೆಗೆಯುತ್ತೇನೆ. ಬುಸುಬುಸು ಹೊಗೆ ಒತ್ತಿ ಬಂದರೆ ಮಾತ್ರ ರಿಂಗಿನ ಮಾತು.

ಕಳೆದ ಮಳೆಗಾಲದಲ್ಲಿ ಒಬ್ಬ ಮೇಷ್ಟ್ರು, ಬೇರೆಲ್ಲೋ ಎಂಜಿನ್ ಇಳಿಸಬೇಕೆಂದು ಹೇಳಿಸಿಕೊಂಡು, ಸಾಲಕ್ಕೆ ಅರ್ಜಿ ಹಾಕಿ ಬಂದಿದ್ದರು. ವಾಲ್ವ್ ಅಲ್ಲಾಡಿಸಿದೆ. ಸದ್ದೇ ಇಲ್ಲ. ಹೊಸದು ಹಾಕಿ, ಕೊಳವೆ ತೊಳೆದು ಕಳಿಸಿದೆ.