ಬಡ ಮರಕ್ಕೆ ಓಕ್ ವೇಷ

ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ 1849ರಲ್ಲಿ 'ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್' ಎಂಬ ಗ್ರಂಥ ಪ್ರಕಟಿಸಿದ. ಒಂದು ವಸ್ತುವಿಗೆ ಬಣ್ಣ ಬಳಿದು ಅದು ಮತ್ತೊಂದರಂತೆ ಕಾಣುವ ಹಾಗೆ ಮಾಡುವುದನ್ನು ಅದರಲ್ಲಿ ವಾಸ್ತುಶಿಲ್ಪದ ವಂಚನೆಗಳ ಸಾಲಿಗೆ ಸೇರಿಸಿದ. ಎರಡೇ ವರ್ಷಗಳಲ್ಲಿ, 1851ರ ಲಂಡನ್ ಮಹಾಪ್ರದರ್ಶನದಲ್ಲಿ, ಅದೇ 'ವಂಚನೆ'ಗೆ ಪದಕ ದೊರೆಯಿತು. ಪಡೆದವನು ಬೋಲ್ಟನ್ ಪಟ್ಟಣದ ಬಣ್ಣಗಾರ ಥಾಮಸ್ ಕರ್ಶಾ.

ಅಗ್ಗದ ಮರದ ಮೇಲೆ ಬೆಲೆಬಾಳುವ ಮರದ ಎಳೆಗಳನ್ನು ಕುಂಚದಿಂದ ಮೂಡಿಸುವ ಈ ಕಸುಬಿಗೆ 'ಗ್ರೇನಿಂಗ್' ಎಂದು ಹೆಸರು. ಇದರ ಹಿಂದಿದ್ದದ್ದು ಸರಳ ಲೆಕ್ಕಾಚಾರ. ಓಕ್, ಮಹಾಗನಿ ದುಬಾರಿ. ಬಾಲ್ಟಿಕ್ ತೀರದಿಂದ ಬರುತ್ತಿದ್ದ ಪೈನ್ ಸೋವಿ. ಹಾಗೆಂದು ಇದು ಬಡವರ ಮನೆಗಷ್ಟೇ ಸೀಮಿತವಾಗಿರಲಿಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1797ರಲ್ಲಿ ಮೌಂಟ್ ವರ್ನನ್ನಿನ ತನ್ನ ಮನೆಯ ನಡುಹಜಾರದ ಹಲಗೆಗಳಿಗೆ ಮಹಾಗನಿಯ ರೂಪ ಕೊಡಿಸಿದ್ದ.

ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಮೊದಲು ತಿಳಿಬಣ್ಣದ ಗಟ್ಟಿ ಲೇಪ. ಅದು ಒಣಗಿದ ಮೇಲೆ ಗಾಢವಾದ, ಆದರೆ ಪಾರದರ್ಶಕವಾದ ತೆಳು ಲೇಪ. ಅದು ಹಸಿಯಾಗಿರುವಾಗಲೇ ಉಕ್ಕಿನ ಅಥವಾ ಚರ್ಮದ ಬಾಚಣಿಗೆ ಎಳೆದರೆ ಕೆಳಗಿನ ತಿಳಿಬಣ್ಣ ಗೆರೆಗೆರೆಯಾಗಿ ಇಣುಕುತ್ತದೆ. ಓಕ್ ಮರವನ್ನು ತಿರುಳಿನಿಂದ ಹೊರಮುಖವಾಗಿ ಸೀಳಿದಾಗ ಕಾಣುವ ಬೆಳ್ಳಿಹೊಳಪಿನ ಮಚ್ಚೆಗಳನ್ನು, ಹೆಬ್ಬೆರಳಿಗೆ ಬಟ್ಟೆ ಸುತ್ತಿ ಒರೆಸಿ ತೆಗೆಯುತ್ತಿದ್ದರು. ಕೊನೆಗೆ ಬ್ಯಾಜರ್ ಪ್ರಾಣಿಯ ಕೂದಲಿನ ಮೆತ್ತನೆಯ ಕುಂಚದಿಂದ ಸವರಿ ಗೆರೆಗಳ ಒರಟುತನ ಕಳೆಯುತ್ತಿದ್ದರು.

ಇಷ್ಟೇ ಸಾಲದು. ಬಾಗಿಲಿನ ನಿಲುವು ಪಟ್ಟಿಯಲ್ಲಿ ಎಳೆ ಮೇಲಿಂದ ಕೆಳಕ್ಕೆ ಸಾಗಬೇಕು. ಅಡ್ಡಪಟ್ಟಿಯಲ್ಲಿ ಅಡ್ಡಲಾಗಿಯೇ ಹರಿಯಬೇಕು. ಎರಡೂ ಕೂಡುವಲ್ಲಿ ಬಡಗಿಯ ಗರಗಸ ಕೊಯ್ದಂತೆ ಎಳೆ ತುಂಡಾಗಬೇಕು. ಇಲ್ಲಿ ತಪ್ಪಿದರೆ ವೇಷ ಬಯಲಾದಂತೆಯೇ. ಹೀಗಾಗಿ ಬಣ್ಣಗಾರನಿಗೆ ಬಡಗಿಯ ವಿದ್ಯೆಯೂ ತಿಳಿದಿರಬೇಕಿತ್ತು.

ಕರ್ಶಾನಿಗೆ 1855ರ ಪ್ಯಾರಿಸ್ ಪ್ರದರ್ಶನದಲ್ಲೂ 1862ರ ಲಂಡನ್ ಪ್ರದರ್ಶನದಲ್ಲೂ ಪದಕಗಳು ಬಂದವು. ಅವನು ಬಣ್ಣ ಹಚ್ಚಿದ ಫಲಕಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅಭಿರುಚಿ ರಸ್ಕಿನ್‌ನ ಕಡೆಗೆ ವಾಲಿತು. ಜೊತೆಗೆ ಮರದ ಚಿತ್ರ ಮುದ್ರಿಸಿದ ಲ್ಯಾಮಿನೇಟ್ ಹಾಳೆಗಳು ಬಂದವು. ನಮ್ಮ ಮನೆಗಳ ಕಪಾಟಿನ ಮೇಲೆ ಕಾಣುವ 'ತೇಗ'ವೂ ಎಷ್ಟೋ ಸಲ ಇಂಥ ಹಾಳೆಯೇ.

1950ರ ದಶಕದಲ್ಲಿ ಬಂದ ನೀರಿನ ಅಕ್ರಿಲಿಕ್ ಬಣ್ಣ ಈ ಕಸುಬಿಗೆ ಹೊಸ ಸಾಧನವಾಯಿತು. ನೀರು ಇಲ್ಲಿ ಹೊಸದಲ್ಲ. ಹಳಬರೂ ಹಳಸಿದ ಬಿಯರಿನಲ್ಲಿ ಬಣ್ಣದ ಪುಡಿ ಕಲಸಿ ಬಳಸುತ್ತಿದ್ದರು. ಎಣ್ಣೆಬಣ್ಣದಂತೆ ದಿನಗಟ್ಟಲೆ ಕಾಯಬೇಕಿಲ್ಲ ಎಂಬುದು ಅಕ್ರಿಲಿಕ್‌ನ ಗುಣ. ಬಾಚಣಿಗೆ ಎಳೆಯುವಷ್ಟರಲ್ಲೇ ಒಣಗಿಬಿಡುತ್ತದೆ ಎಂಬುದು ದೋಷ. ಆದ್ದರಿಂದ ಒಣಗುವಿಕೆಯನ್ನು ನಿಧಾನಿಸುವ ದ್ರವ ಬೆರೆಸಿ, ಒಂದೊಂದೇ ಹಲಗೆಯನ್ನು ಮುಗಿಸುತ್ತಾರೆ.

ಹಾಗಾದರೆ ಇದು ವಂಚನೆಯೆ? ಮನೆಯ ಯಜಮಾನನಿಗೆ ಸತ್ಯ ಗೊತ್ತಿತ್ತು. ಹಣ ಕೊಟ್ಟು ಮಾಡಿಸಿದವನೇ ಅವನು. ಮೋಸ ಹೋಗುವವನು ಅತಿಥಿ ಮಾತ್ರ. ಮುದ್ರಿತ ಹಾಳೆಯಲ್ಲಿ ಒಂದೇ ಗಂಟು ಮತ್ತೆ ಮತ್ತೆ ಬರುತ್ತದೆ. ಕುಂಚ ಹಿಡಿದವನ ಕೈಯಲ್ಲಿ ಎರಡು ಹಲಗೆಗಳು ಒಂದೇ ಆಗುವುದಿಲ್ಲ, ಕಾಡಿನಲ್ಲಿ ಎರಡು ಮರಗಳು ಒಂದೇ ಆಗದಂತೆ. ಓಕ್ ಮರದ ಯಜಮಾನನೂ ಅದನ್ನು ಅಷ್ಟು ಗಮನವಿಟ್ಟು ನೋಡಿರಲಾರ.