‘ಪಿಕಪ್’ ನಮ್ಮದಾಯ್ತು, ‘ಪಿಕ್ ಇಟ್ ಅಪ್’ ಯಾಕೆ ಆಗಲಿಲ್ಲ?

ಅರಸೀಕೆರೆ ಮಾರುಕಟ್ಟೆಯಿಂದ ಕೊಬ್ಬರಿ ಮೂಟೆ ಹೊತ್ತು ಹೊರಡುವ ಗಾಡಿಗೆ ನಾವು ‘ಪಿಕಪ್’ ಅಂತೀವಿ. ಅದು ದಿಣ್ಣೆ ಹತ್ತದೆ ತಿಣುಕಿದರೆ ‘ಗಾಡಿಗೆ ಪಿಕಪ್ಪೇ ಇಲ್ಲ’ ಅಂತೀವಿ. ರೈಲಿಗೆ ಬಂದ ನೆಂಟರನ್ನು ಸ್ಟೇಷನ್ನಿಂದ ‘ಪಿಕಪ್ ಮಾಡ್ತೀವಿ’. ಆ ನೆಂಟರು ಫೋನ್ ಎತ್ತದಿದ್ದರೆ ಮಾತ್ರ ‘ಅಪ್’ ಉದುರಿಹೋಗಿ ‘ಪಿಕ್ ಮಾಡ್ತಿಲ್ಲ’ ಆಗುತ್ತದೆ. ಒಂದೇ ಇಂಗ್ಲಿಷ್ ಮಾತು, ನಾಲ್ಕು ಕೆಲಸ.

ಇಂಗ್ಲಿಷಿನಲ್ಲಿ ಇಂಥ ಮಾತಿಗೆ ‘ಫ್ರೇಸಲ್ ವರ್ಬ್’ ಅಂತ ಹೆಸರು. ಪಿಕ್, ಕಾಲ್, ಗಿವ್ ಥರದ ಒಂದು ಕ್ರಿಯಾಪದ, ಅದರ ಬೆನ್ನಿಗೆ ಅಪ್, ಆಫ್, ಔಟ್, ಡೌನ್ ಥರದ ಒಂದು ಪುಟ್ಟ ಪದ. ಎರಡೂ ಸೇರಿದರೆ ಅರ್ಥವೇ ಬೇರೆ. ಇವು ನಮ್ಮ ಸೀಮೆಯ ಬಾಯಿಗೆ ಬಂದದ್ದು ಇತ್ತೀಚೆಗೆ. ಆದರೆ ಬಂದ ಬಾಗಿಲು ಹಳೆಯದು. ಅದನ್ನು ನೋಡಲು ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗಬೇಕು.

ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು ಎನ್ನುತ್ತಾರೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. (ಅದಕ್ಕಿಂತ ಹಳೆಯದು ತಾಳಗುಂದದ್ದು ಅನ್ನುವವರೂ ಇದ್ದಾರೆ, ಆ ಜಗಳ ಇಲ್ಲಿ ಬೇಡ.) ಊರಲ್ಲಿ ಈಗ ಇರುವುದು ಅದರ ಪ್ರತಿಕೃತಿ. 16 ಸಾಲಿನ ಆ ಬರಹದ ತುಂಬ ಸಂಸ್ಕೃತದ ಪದಗಳು. ಆದರೆ ಕೊನೆಗೆ ವೀರನಿಗೆ ಹಳ್ಳಿಗಳನ್ನು ಕೊಟ್ಟರು ಅಂತ ಹೇಳಬೇಕಾದ ಕಡೆ ಬಂದು ನಿಲ್ಲುವುದು ‘ಕೊಟ್ಟಾರ್’ ಅನ್ನುವ ಅಚ್ಚಗನ್ನಡದ ಮಾತು. ಹೊರಗಿನ ಪದ ಎಷ್ಟೇ ಬರಲಿ, ಕೆಲಸ ಮುಗಿಸುವ ಪದ ಮನೆಯದೇ.

13ನೇ ಶತಮಾನದಲ್ಲಿ, ಹಳೇಬೀಡು ಇನ್ನೂ ದೋರಸಮುದ್ರವಾಗಿದ್ದ ಕಾಲಕ್ಕೆ, ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಸೇರಿಸಿ ಸಮಾಸ ಮಾಡುವುದು ಅವನಿಗೆ ಹಿಡಿಸುತ್ತಿರಲಿಲ್ಲ. ಅಂಥದ್ದಕ್ಕೆ ‘ಅರಿಸಮಾಸ’ ಅಂತ ಹೆಸರು, ಅಂದರೆ ಶತ್ರು ಸಮಾಸ. ಹಾಗಿದ್ದೂ ಕೆಲವಕ್ಕೆ ಅವನೇ ವಿನಾಯಿತಿ ಕೊಡಬೇಕಾಯಿತು. ಜನರ ಬಾಯಿ ಯಾವ ವ್ಯಾಕರಣವನ್ನೂ ಕಾಯುವುದಿಲ್ಲ.

ಸಂಸ್ಕೃತದ ಪದಕ್ಕೆ ‘ಇಸು’ ಅಂಟಿಸಿ ಪೂಜಿಸು, ರಕ್ಷಿಸು ಮಾಡಿಕೊಂಡೆವು. ಆಮೇಲೆ ಕಂದಾಯ, ಕಚೇರಿಗಳ ಜೊತೆ ಪಾರಸಿ, ಅರಬ್ಬಿ ಪದಗಳು ಬಂದಾಗ ‘ಮಾಡು’ ಜೋಡಿಸಿದೆವು: ವಸೂಲಿ ಮಾಡು, ಜಪ್ತಿ ಮಾಡು, ರವಾನೆ ಮಾಡು. ಇಂಗ್ಲಿಷ್ ಬಂದಾಗ ಅಚ್ಚು ಸಿದ್ಧವಾಗಿಯೇ ಇತ್ತು.

19ನೇ ಶತಮಾನದ ಕೊನೆಗೆ ಅರಸೀಕೆರೆಗೆ ರೈಲು ಬಂತು, ಮುಂದೆ ಹಾಸನ, ಮೈಸೂರಿನ ಹಳಿಯೂ ಕೂಡಿ ಜಂಕ್ಷನ್ ಆಯಿತು. ‘ಅಪ್ ಟ್ರೇನ್’, ‘ಡೌನ್ ಟ್ರೇನ್’ ಅನ್ನುವಾಗ ಯಾರೂ ಗುಡ್ಡ ಹತ್ತುವುದಿಲ್ಲ, ಇಳಿಯುವುದೂ ಇಲ್ಲ. ಅವು ರೈಲು ಹೋಗುವ ದಿಕ್ಕಿನ ಹೆಸರು. ‘ಅಪ್’ ಅಂದರೆ ಯಾವಾಗಲೂ ‘ಮೇಲೆ’ ಅಲ್ಲ ಅನ್ನುವುದು ಇಲ್ಲಿನವರಿಗೆ ಹೊಸದೇನಲ್ಲ. ಪೊಲೀಸರ ಜೊತೆ ಲಾಕಪ್ ಬಂತು, ಕರೆಂಟಿನ ಜೊತೆ ಸ್ವಿಚಾಫ್, ಸಿನಿಮಾ ಜೊತೆ ಕಟೌಟ್, ಕ್ರಿಕೆಟ್ಟಿನ ಜೊತೆ ರನೌಟ್. ಊರಾಚೆ ಹೊಲ ಸೈಟಾದಾಗ ಲೇಔಟ್ ಬಂತು. 2020ರಲ್ಲಿ ಲಾಕ್‌ಡೌನ್ ಅಜ್ಜಿಯರ ಬಾಯಲ್ಲೂ ಬಂತು. ‘ಬಿಲ್ಡಪ್’ ತೆಗೆದುಕೊಳ್ಳಿ. ಅದನ್ನು ನಾವು ‘ಕೊಡ್ತೀವಿ’. ಇಂಗ್ಲಿಷರು ಹಾಗೆ ಕೊಡುವುದಿಲ್ಲ, ಇದು ನಮ್ಮದೇ ತಯಾರಿ.

ತೊಡಕು ಇರುವುದು ಇಲ್ಲೇ. ನಮ್ಮ ಬಾಯಲ್ಲಿ ಎರಡು ಪದ ಬೆಸೆದು ಒಂದು ಹೆಸರಾಗಿಬಿಟ್ಟಿವೆ. ‘ಸ್ವಿಚಾಫ್’ ನಡುವೆ ಏನೂ ತೂರುವುದಿಲ್ಲ. ಇಂಗ್ಲಿಷಿನಲ್ಲಿ ತೂರುತ್ತದೆ: ‘ಸ್ವಿಚ್ ಆಫ್ ದ ಲೈಟ್’ ಅನ್ನಬಹುದು, ‘ಸ್ವಿಚ್ ದ ಲೈಟ್ ಆಫ್’ ಅಂತಲೂ ಅನ್ನಬಹುದು. ಲೈಟಿನ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು, ‘ಸ್ವಿಚ್ ಇಟ್ ಆಫ್’. ದಿನಾ ಪಿಕಪ್ ನೋಡುವ ಹುಡುಗಿಗೆ ‘ಪಿಕ್ ಇಟ್ ಅಪ್’ ಕೇಳಿದರೆ ಬೇರೆ ಭಾಷೆ ಅನ್ನಿಸುವುದು ಇದಕ್ಕೇ.

ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಇದೆ. ಆದರೂ ಪದವಿ ಮುಗಿಸಿ ಬೆಂಗಳೂರಿಗೆ ಕೆಲಸ ಹುಡುಕಿ ಹೋಗುವವರು ಎಡವುವುದು ದೊಡ್ಡ ಪದಗಳಲ್ಲಿ ಅಲ್ಲ, ಈ ಪುಟ್ಟ ಪದಗಳಲ್ಲಿ. ‘ಇಂಟರ್‌ವ್ಯೂ ಈಸ್ ಕಾಲ್ಡ್ ಆಫ್’ ಅಂತ ಮೆಸೇಜ್ ಬಂದರೆ ಕರೆದಿದ್ದಾರೆ ಅಂದುಕೊಂಡು ಬೆಳಗಿನ ರೈಲು ಹತ್ತುವವರಿರುತ್ತಾರೆ. ಅದರ ಅರ್ಥ ಇಂಟರ್‌ವ್ಯೂ ರದ್ದಾಗಿದೆ ಅಂತ. ‘ಪುಟ್ ಆಫ್’ ಅಂದಿದ್ದರೆ ಮುಂದಕ್ಕೆ ಹೋಗಿದೆ. ‘ಟರ್ನ್ಡ್ ಡೌನ್’ ಅಂದರೆ ಅರ್ಜಿ ಒಪ್ಪಲಿಲ್ಲ. ‘ಡಿಗ್ರಿ ಪಾಸೌಟ್ ಆದೆ’ ಅನ್ನುವುದನ್ನು ಇಲ್ಲಿ ಎಲ್ಲರೂ ಒಪ್ಪುತ್ತಾರೆ, ಅಮೆರಿಕದವರು ಕೇಳಿದರೆ ಮೂರ್ಛೆ ಹೋದಿರಾ ಅಂದಾರು.

ಇದು ಹಳ್ಳಿಯವರ ದಡ್ಡತನ ಅಲ್ಲವೇ ಅಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಮುನ್ನುಡಿಯಲ್ಲೇ, ಹೊರಗಿನವರಿಗೆ ಅತಿ ಕಷ್ಟವಾಗುವುದು ಇಂಥ ಜೋಡಿ ಮಾತುಗಳೇ ಎಂಬರ್ಥದಲ್ಲಿ ಬರೆದಿದ್ದಾನೆ. ಉದ್ದದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರೆ ಕಷ್ಟ ಕಡಿಮೆಯಾಗುತ್ತದೆ ಅಂತ ನಮಗೆ ಅನ್ನಿಸುವುದಿಲ್ಲ. ‘ಕೈ’ ಅನ್ನುವ ಕನ್ನಡ ಪದದಿಂದ ಶುರುಮಾಡುವುದು ಮೇಲು.

ಕೈಬಿಡು, ಕೈಕೊಡು, ಕೈಹಾಕು, ಕೈಮಾಡು, ಕೈಹಿಡಿ. ಕೈ ಅದೇ, ಜೊತೆಗಾರ ಬದಲಾದರೆ ಅರ್ಥ ಬದಲು. ಕೈಮಾಡಿದರೆ ಹೊಡೆತ, ಕೈಹಿಡಿದರೆ ಮದುವೆ. ಇದನ್ನು ನಮಗೆ ಯಾವ ಮೇಷ್ಟ್ರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ‘ಗಿವ್ ಅಪ್’ ಅಂದರೆ ಕೈಬಿಡು, ‘ಟ್ರೈ ಔಟ್’ ಅಂದರೆ ಮಾಡಿನೋಡು, ‘ಈಟ್ ಅಪ್’ ಅಂದರೆ ತಿಂದುಬಿಡು. ಬೋರ್‌ವೆಲ್ ಕೈಕೊಟ್ಟರೆ ‘ದ ಬೋರ್‌ವೆಲ್ ಲೆಟ್ ಅಸ್ ಡೌನ್’. ಅಲ್ಲಿ ‘ಡೌನ್’ ಅಂದರೆ ಕೆಳಗೆ ಅಲ್ಲ. ಹಾಗೆ ನೋಡಿದರೆ ಬೋರ್‌ವೆಲ್ಲಿಗೆ ಕೈ ತಾನೆ ಎಲ್ಲಿದೆ?