ಡೇರೆಯ ಹೊರಗೆ ಕುಳಿತವರು

ಬಿಳಿಗಿರಿರಂಗನ ಬೆಟ್ಟಗಳ ಚರಿತ್ರೆ ಓದಹೊರಟವನ ಕೈಗೆ ಮೊದಲು ಸಿಗುವುದು ಡೇರೆಯಲ್ಲಿ ಬೀಡುಬಿಟ್ಟವರ ಪುಸ್ತಕಗಳು. ಸಂಜೆಯ ಬೆಂಕಿ, ಬಿದಿರ ಮೆಳೆಯಲ್ಲಿ ಆನೆ ಕೊಂಬೆ ಮುರಿಯುವ ಸದ್ದು, ಬೆಳಗಾದರೆ ಮಣ್ಣಿನಲ್ಲಿ ಹುಲಿಯ ಹೆಜ್ಜೆ, ಇವೆಲ್ಲ ಅಲ್ಲಿ ಸೊಗಸಾಗಿ ಬರುತ್ತವೆ. ಆ ಬೆಂಕಿಗೆ ಸೌದೆ ತಂದವರು ಯಾರು, ಹೆಜ್ಜೆ ತೋರಿಸಿಕೊಟ್ಟವರು ಯಾರು ಎಂಬುದನ್ನು ಮಾತ್ರ ಸಾಲುಗಳ ನಡುವೆ ಹುಡುಕಬೇಕು.

ಇವುಗಳಲ್ಲಿ ಹೆಸರಾದದ್ದು ಸ್ಯಾಂಡರ್ಸನ್ ಸಾಹೇಬನ ಗ್ರಂಥ. 1864ರಲ್ಲಿ ಭಾರತಕ್ಕೆ ಬಂದ ಈತ ಕನ್ನಡ ಕಲಿತು, ಮೈಸೂರು ಸರ್ಕಾರದ ನಾಲೆಗಳ ಮೇಲ್ವಿಚಾರಣೆಗೆ ಸೇರಿ, ಕಡೆಗೆ ಈ ಬೆಟ್ಟಗಳ ತಪ್ಪಲಿನಲ್ಲಿ ನೆಲೆಸಿದ. 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ಕಟ್ಟಿ, ಒಂದೇ ಬಾರಿಗೆ ಐವತ್ತಕ್ಕೂ ಮಿಕ್ಕಿ ಆನೆಗಳನ್ನು ಹಿಡಿದ. ನೂರು ವರ್ಷ ಮುಂಚೆ ಹೈದರಾಲಿ ಇದೇ ಯತ್ನದಲ್ಲಿ ಸೋತಿದ್ದನೆಂದು ಆತನೇ ಬರೆದಿದ್ದಾನೆ. 1878ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಸೋಲಿಗರ ಪ್ರಸ್ತಾಪವೇನೋ ಇದೆ. ಆದರೆ ಕಥಾನಾಯಕ ಬಂದೂಕು ಹಿಡಿದವನೇ. ಅನಂತರ ಹೊನ್ನಮೇಟಿಯಲ್ಲಿ ಕಾಫಿ ತೋಟ ಮಾಡಿದ ಮಾರಿಸ್ ಮನೆತನ ಬಂತು. 1939-40ರಲ್ಲಿ ಮೈಸೂರು ಸೀಮೆಯ ಹಕ್ಕಿಗಳ ಸಮೀಕ್ಷೆಗಾಗಿ ಸಲೀಂ ಅಲಿಯವರೂ ಬಂದರು. ಕಾಡನ್ನು ನೋಡುವ ಕಣ್ಣು ಬದಲಾಗುತ್ತ ಹೋಯಿತು, ಬೇಟೆ ಹೋಗಿ ಅಧ್ಯಯನ ಬಂತು.

ಸೋಲಿಗರಿಗಾದರೋ ಈ ಬೆಟ್ಟ ಬೀಡಲ್ಲ, ಮನೆ. ಬಿಳಿಗಿರಿರಂಗ ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದನೆಂದು ಅವರ ಕಥೆ ಹೇಳುತ್ತದೆ. ಆದ್ದರಿಂದ ದೇವರು ಅವರಿಗೆ ಭಾವ. ಭಾರ್ಗವಿ ಹೊಳೆಯ ದಂಡೆಯ ದೊಡ್ಡಸಂಪಿಗೆ ಮರವೇ ಗುಡಿ.

ಕ್ಯಾತದೇವರ ಗುಡಿಯಲ್ಲಿ ನಾನು ಎರಡು ರಾತ್ರಿ ಡೇರೆಯಲ್ಲಿ ಕಳೆದಿದ್ದೇನೆ. ಬೆಳಗಿನ ಮಂಜಿನಲ್ಲಿ ನಡೆಯುತ್ತಿದ್ದಾಗ ಮುಂದಿದ್ದ ಸೋಲಿಗ ಹಿರಿಯರು ಒಮ್ಮೆಲೇ ಕೈ ಅಡ್ಡ ಹಿಡಿದರು. ನನಗೆ ಏನೂ ಕಾಣಲಿಲ್ಲ. ಚಿಟಿಕೆ ಮಣ್ಣು ತೂರಿ ಗಾಳಿ ನೋಡಿ, "ನಿಂತ್ಕಳಿ ಸಾಮಿ, ಮೊದ್ಲು ಅದು ಹೋಗ್ಲಿ, ದಾರಿ ಅದರದು" ಎಂದರು. ಕ್ಷಣದಲ್ಲೇ ಕಾಟಿಯೊಂದು, ಬಿಳಿಯ ಕಾಲ್ಚೀಲ ತೊಟ್ಟಂತೆ, ನಿಧಾನವಾಗಿ ದಾರಿ ದಾಟಿತು. ಹಿಂದೆ ಎರಡು ಕರುಗಳು. "ಹೇಗೆ ಗೊತ್ತಾಯಿತು, ಯಜಮಾನರೇ?" ಎಂದೆ. "ವಾಸ್ನೆ ಬರಾಕಿಲ್ವಾ ನಿಮಗೆ?" ಎಂದು ಅವರೇ ಆಶ್ಚರ್ಯಪಟ್ಟರು.

ಇಂಥವರ ಪಾಲಿಗೆ 1974 ಕಷ್ಟದ ವರ್ಷ. ಬೆಟ್ಟ ವನ್ಯಜೀವಿಧಾಮವಾಯಿತು. ಬೇಟೆ ನಿಂತದ್ದು ಒಳ್ಳೆಯದೇ. ಆದರೆ ಜಾಗ ಬದಲಿಸುತ್ತ ರಾಗಿ ಬೆಳೆಯುವ ಸಾಗುವಳಿಯೂ ನಿಂತಿತು. ಪೋಡುಗಳೆಂಬ ಅವರ ಹಟ್ಟಿಗಳು ಒಂದೆಡೆ ನೆಲೆಯೂರಬೇಕಾಯಿತು. ಬೇಸಗೆಗೆ ಮೊದಲೇ ನೆಲದ ತರಗಿಗೆ ಸಣ್ಣ ಬೆಂಕಿ ಹಾಕುವ ವಾಡಿಕೆಗೂ ತಡೆ ಬಿತ್ತು. ಆಮೇಲೆ ಲಂಟಾನ ಕಾಡನ್ನೆಲ್ಲ ಮುಸುಕಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು. ಆ ಚಿಕ್ಕ ಬೆಂಕಿಯೇ ಇವನ್ನು ಹತೋಟಿಯಲ್ಲಿಟ್ಟಿತ್ತು ಎಂಬುದು ಸೋಲಿಗರ ವಾದ; ಇದನ್ನು ಸಂಶೋಧಕರೂ ಗಂಭೀರವಾಗಿ ಪರಿಗಣಿಸಿದ್ದಾರೆ.

2011ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯಂತೆ, ಅನೇಕ ಪೋಡುಗಳಿಗೆ ಸಮುದಾಯದ ಹಕ್ಕುಪತ್ರ ದೊರೆಯಿತು. ಹುಲಿಯ ನೆಲೆಯಲ್ಲಿ ಮನುಷ್ಯನಿಗೂ ಹಕ್ಕಿದೆಯೆಂದು ಕಾನೂನೇ ಒಪ್ಪಿದ ಈ ಘಟನೆ ನಮ್ಮ ದೇಶಕ್ಕೆ ಹೊಸದು.

ರಜೆಯಲ್ಲಿ ಬೆಟ್ಟಕ್ಕೆ ಹೋಗಿ ಆನೆ ಕಂಡೆವು, ಕರಡಿ ಕಂಡೆವು ಎಂದು ನಾವು ಹೆಮ್ಮೆಪಡುತ್ತೇವೆ. ಪ್ರಾಣಿಗಳನ್ನು ನಮಗೆ ಕಾಣಿಸಿದವರ ಹೆಸರು ಹೇಳಲು ಇನ್ನೂ ಕಲಿತಿಲ್ಲ. ಈ ಬೆಟ್ಟದ ಚರಿತ್ರೆಯನ್ನು ಮುಂದೆ ಬರೆಯುವವರು ಆ ಹೆಸರುಗಳಿಂದಲೇ ಪ್ರಾರಂಭಿಸಲಿ.